ಹಾವು, ಏಣಿ ಮತ್ತು ಲೋಪಸಂಧಿ

ಭಾನುವಾರ ಸಂಜೆ ತಿಪಟೂರಿನ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲ್‌ನಲ್ಲಿ ನಾವು ನಾಲ್ಕು ಜನ ಸೇರುವುದು ಹಳೇ ಚಾಳಿ. ಗಿರಿಜಕ್ಕ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಾರೆ. ರಘು ಮಕ್ಕಳ ಕಲಿಕೆಯ ಆ್ಯಪ್ ಮಾಡುವ ಕಂಪನಿಯಲ್ಲಿದ್ದಾನೆ, ಕೆಲಸ ಮನೆಯಿಂದಲೇ. ನಾಗ ಕೊಬ್ಬರಿ ವ್ಯಾಪಾರಿ, ಅವನಿಗೂ ಶಿಕ್ಷಣಕ್ಕೂ ಇರುವ ಸಂಬಂಧ ಅಂದರೆ ಇಬ್ಬರು ಮಕ್ಕಳ ಫೀಸು. ನಾನು ಆರು, ಏಳನೇ ಕ್ಲಾಸಿಗೆ ಕನ್ನಡ ಮೇಷ್ಟ್ರು.

ಆವತ್ತು ನನ್ನ ಮುಖ ಸಪ್ಪಗಿತ್ತು. ಕಾರಣ ಹಾವು.

ಆಗಿದ್ದಿಷ್ಟು. ಸಂಧಿ ಪಾಠ ಹೇಳಿದರೆ ಮಕ್ಕಳು ಆಕಳಿಸುತ್ತವೆ, ಆಟದ ಮೂಲಕ ಹೇಳೋಣ ಅಂತ ಎರಡು ರಾತ್ರಿ ಕೂತು ಡ್ರಾಯಿಂಗ್ ಶೀಟಿನ ಮೇಲೆ ದೊಡ್ಡ ಹಾವು ಏಣಿ ಬರೆದಿದ್ದೆ. 100 ಮನೆ, ಪ್ರತಿ ಮನೆಯಲ್ಲೂ ಒಂದು ಸಂಧಿ ಪ್ರಶ್ನೆ. ಹಾವುಗಳಿಗೆ ಹೆಡೆ, ನಾಲಿಗೆ, ಮೈ ಮೇಲೆ ಚುಕ್ಕಿ, ಎಲ್ಲ ಇತ್ತು. ಆಡಿಸಿದೆ. ಲೋಪಕ್ಕೂ ಆಗಮಕ್ಕೂ ವ್ಯತ್ಯಾಸ ಗೊತ್ತಿಲ್ಲದ ಒಬ್ಬ ಹುಡುಗ ಮೂರು ಏಣಿ ಹತ್ತಿ ಗೆದ್ದುಬಿಟ್ಟ. ಎಲ್ಲಾ ಉತ್ತರ ಸರಿ ಹೇಳಿದ ಹುಡುಗಿಯನ್ನು 98ರಲ್ಲಿ ಹಾವು ನುಂಗಿ 20ಕ್ಕೆ ತಂದು ಉಗುಳಿತು. ಅವಳು ಅಳಲಿಲ್ಲ. ಸೊಂಟದ ಮೇಲೆ ಕೈ ಇಟ್ಟು, "ಸಾರ್, ಉತ್ತರ ಸರಿ ಹೇಳಿದ್ದೀನಲ್ವಾ, ಮತ್ತೆ ಯಾಕೆ ನುಂಗ್ತು?" ಅಂದಳು. ನಾನು ಬೆಲ್ ಹೊಡೆಯುವುದನ್ನೇ ಕಾಯುತ್ತಾ ನಿಂತೆ.

"ಜೀವನ ಹಂಗೇ ಕಣೋ" ಅಂದ ನಾಗ. "ಅದನ್ನೇ ಕಲೀಲಿ ಬಿಡು."

"ಅದನ್ನ ಕಲಿಸೋದಕ್ಕೆ ಬೇರೆ ಪಟ ಇದೆ" ಅಂದರು ಗಿರಿಜಕ್ಕ. ವೈಕುಂಠ ಏಕಾದಶಿ ರಾತ್ರಿ ಜಾಗರಣೆಗೆ ಅವರ ಅಜ್ಜಿ ಪರಮಪದ ಸೋಪಾನ ಪಟ ಬಿಡಿಸುತ್ತಿದ್ದರಂತೆ. ಏಣಿ ಅಂದರೆ ಒಳ್ಳೆ ಗುಣ, ಹಾವು ಅಂದರೆ ಕೆಟ್ಟ ಗುಣ, ದಾಳ ಯಾರ ಕೈಲೂ ಇಲ್ಲ. "ಅಲ್ಲಿ ಆಟ ಹೇಳೋದೂ ದಾಳ ಹೇಳೋದೂ ಒಂದೇ ಮಾತು. ನಿಮ್ಮ ಸಂಧಿಗೂ ದಾಳಕ್ಕೂ ಏನ್ರೀ ಸಂಬಂಧ? ಆರು ಬಿದ್ರೂ ಊರು ಅನ್ನು ಸೇರಿ ಊರನ್ನು, ಒಂದು ಬಿದ್ರೂ ಊರನ್ನು."

ನನ್ನ ಎರಡು ರಾತ್ರಿಯ ನಿದ್ದೆ ಅಲ್ಲಿಗೆ ಲೆಕ್ಕಕ್ಕಿಲ್ಲದಂತಾಯಿತು.

ರಘು ಬಜ್ಜಿ ಮುರಿಯುತ್ತಾ ತನ್ನ ಗೋಳು ತೆಗೆದ. ಅವರ ಆ್ಯಪ್‌ನಲ್ಲಿ ಕೂಡುವ ಲೆಕ್ಕ. ಸರಿ ಉತ್ತರ ಒತ್ತಿದರೆ ಟಿಂಗ್ ಅಂತ ಒಂದು ನಕ್ಷತ್ರ. ತಪ್ಪಾದರೆ ಆನೆಯೊಂದು ಕಾಲು ಜಾರಿ ಕೆಸರಿಗೆ ಬಿದ್ದು, ಸೊಂಡಿಲಿನಿಂದ ಪುಸ್ ಅಂತ ನೀರು ಚಿಮ್ಮಿಸುತ್ತದೆ. ಆ ಆನೆಗೇ ಒಬ್ಬ ಮೂರು ವಾರ ಕೂತಿದ್ದನಂತೆ. ಒಂದು ಶಾಲೆಯಲ್ಲಿ ಮಕ್ಕಳ ಕೈಗೆ ಕೊಟ್ಟು ನೋಡಿದರೆ, ಎಲ್ಲರೂ ಬೇಕು ಬೇಕು ಅಂತಲೇ ತಪ್ಪು ಒತ್ತುತ್ತಿದ್ದಾರೆ. 7ಕ್ಕೆ 5 ಕೂಡಿದರೆ ಎಷ್ಟು ಅಂತ ಬಂದಾಗ ಒಬ್ಬ ಹುಡುಗಿ ಪಕ್ಕದವನಿಗೆ, "ಹನ್ನೆರಡು ಒಂದು ಬಿಟ್ಟು ಯಾವ್ದಾದ್ರೂ ಒತ್ತೋ, ಆನೆ ಬೀಳುತ್ತೆ" ಅಂತ ಹೇಳಿಕೊಡುತ್ತಿದ್ದಳಂತೆ.

"ಅವಳಿಗೆ ಲೆಕ್ಕ ಬಂತಲ್ಲ ಮತ್ತೆ?" ನಾಗನ ಪ್ರಶ್ನೆ.

"ಅವಳಿಗೆ ಮೊದಲೇ ಬರ್ತಿತ್ತು ಮಾರಾಯ. ಬರದೇ ಇದ್ದವನು ಆನೆ ನೋಡ್ಕೊಂಡು ಹಾಗೇ ಉಳಿದ. ನಮ್ಮ ಮೇಲಿನವರು ಮಾತ್ರ, ಮಕ್ಕಳು ಆ್ಯಪ್‌ನಲ್ಲಿ ಕೂರೋ ಹೊತ್ತು ಜಾಸ್ತಿ ಆಗಿದೆ ಅಂತ ಸಿಹಿ ಹಂಚಿದ್ರು."

ಗಿರಿಜಕ್ಕನಿಗೆ ಹಾಗಲಕಾಯಿ ಗೊಜ್ಜು ನೆನಪಾಯಿತು. ಅವರಿಗೆ ಏನೇ ಹೇಳಬೇಕಿದ್ದರೂ ಅಡುಗೆ ಮನೆಯಿಂದಲೇ ಶುರು. ಗೊಜ್ಜಿಗೆ ಬೆಲ್ಲ ಹಾಕುತ್ತೇವೆ ಹೌದು, ಆದರೆ ಹುಳಿ, ಖಾರ, ಬೆಲ್ಲ, ಹಾಗಲಕಾಯಿ ಎಲ್ಲ ಒಟ್ಟಿಗೆ ಕುದಿಯಬೇಕು. ಹಸಿ ಹಾಗಲಕಾಯಿ ಹೆಚ್ಚಿ ಮೇಲೆ ಸಕ್ಕರೆ ಉದುರಿಸಿ ಕೊಟ್ಟರೆ ಮಕ್ಕಳು ಸಕ್ಕರೆ ನೆಕ್ಕಿ ಕಾಯಿ ಉಗುಳುತ್ತವೆ. "ನಿಮ್ಮ ಆನೆ ಆ ಸಕ್ಕರೆ" ಅಂದರು ರಘುಗೆ. ನನ್ನ ಕಡೆ ತಿರುಗಿ, "ನಿಮ್ಮ ಹಾವೂ ಅಷ್ಟೇ."

ರಘು ಅದಕ್ಕೊಂದು ಉದಾಹರಣೆ ಕೊಟ್ಟ. ಇಂಗ್ಲೆಂಡಿನ ಇಬ್ಬರು ಸಂಶೋಧಕರು 2011ರಲ್ಲಿ ಪ್ರಕಟಿಸಿದ್ದು. ಭಾಗಾಕಾರ ಕಲಿಸುವ ಕಂಪ್ಯೂಟರ್ ಆಟ. ಎದೆಯ ಮೇಲೆ ಸಂಖ್ಯೆ ಇರುವ ಅಸ್ಥಿಪಂಜರಗಳು ಎದುರು ಬರುತ್ತವೆ. ಆ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ ಏಟು ಹೊಡೆದರೆ ಮಾತ್ರ ಬೀಳುತ್ತವೆ. ಅಂದರೆ ಏಟೇ ಭಾಗಾಕಾರ. ಇದೇ ಆಟವನ್ನು ಇನ್ನೊಂದು ಥರಾನೂ ಮಾಡಿದರು: ಹೊಡೆದಾಟ ಬೇರೆ, ಒಂದೊಂದು ಹಂತ ಮುಗಿದ ಮೇಲೆ ಅವೇ ಲೆಕ್ಕಗಳ ಪರೀಕ್ಷೆ ಬೇರೆ. ಮೊದಲನೇ ಥರದಲ್ಲಿ ಆಡಿದ ಮಕ್ಕಳೇ ಹೆಚ್ಚು ಕಲಿತರು. ಯಾವುದು ಬೇಕೋ ಆಡಿ ಅಂತ ಬಿಟ್ಟಾಗ ಅದನ್ನೇ ಏಳು ಪಟ್ಟು ಹೆಚ್ಚು ಹೊತ್ತು ಆಡಿದರಂತೆ.

"ಅಂದ್ರೆ ಹಾವು ಏಣಿ ದಂಡಾನಾ?" ನಾಗನಿಗೆ ಆತಂಕ. ಅವನ ಚಿಕ್ಕ ಮಗಳಿಗೆ ಮೊನ್ನೆ ತಾನೇ ಒಂದು ತಂದಿದ್ದ, 60 ರೂಪಾಯಿ.

ದಂಡ ಅಲ್ಲ ಅಂದ ರಘು. ಅವಳು ಎಲ್‌ಕೆಜಿ. ಅವಳಿಗೆ ಬೇಕಾದದ್ದು ಸಂಖ್ಯೆ ಯಾವುದಾದ ಮೇಲೆ ಯಾವುದು ಅನ್ನೋದು, ಪಟದ ಮೇಲೆ ಕಾಯಿ ನಡೆಸೋದೂ ಅದೇ. ಅಮೆರಿಕದಲ್ಲಿ 2008ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಬಡ ಮನೆಯ ಪುಟ್ಟ ಮಕ್ಕಳಿಗೆ 1ರಿಂದ 10ರವರೆಗೆ ಸಾಲಾಗಿ ಬರೆದ ಪಟದ ಮೇಲೆ ಎಲ್ಲ ಸೇರಿ ಸುಮಾರು ಒಂದು ಗಂಟೆ ಆಡಿಸಿದರು, ಅಷ್ಟಕ್ಕೇ ಸಂಖ್ಯೆಯ ತಿಳುವಳಿಕೆ ಸುಧಾರಿಸಿತು. ಸಂಖ್ಯೆಯ ಬದಲು ಬರೀ ಬಣ್ಣ ಇದ್ದ ಪಟದಲ್ಲಿ ಆಡಿದವರಿಗೆ ಆ ಲಾಭ ಸಿಗಲಿಲ್ಲ. "ಒಂದು ಕಿವಿಮಾತು" ಅಂದ ರಘು. "ಕಾಯಿ 5ರಲ್ಲಿದೆ, ಎರಡು ಬಿತ್ತು ಅನ್ನು. ಮಗು 'ಒಂದು, ಎರಡು' ಅಂತ ಎಣಿಸಬಾರದು. ಮನೆಯ ಸಂಖ್ಯೆ ನೋಡಿ 'ಆರು, ಏಳು' ಅನ್ನಬೇಕು. ಇದನ್ನೂ ಪರೀಕ್ಷೆ ಮಾಡಿ ನೋಡಿದ್ದಾರೆ, ಹಾಗೆ ಎಣಿಸಿದವರೇ ಹೆಚ್ಚು ಕಲಿತರು."

ನಾಗ ಬಾಯಿ ಬಿಟ್ಟುಕೊಂಡು ಕೂತ. ಅವನ ಮನೆಯಲ್ಲಿ ಅಜ್ಜಿಯಿಂದ ಹಿಡಿದು ಎಲ್ಲರೂ ಕಾಯಿ ಕುಟ್ಟುತ್ತಾ "ಒಂದು, ಎರಡು" ಅನ್ನುವವರೇ.

ಗಿರಿಜಕ್ಕನಿಗೆ ಇನ್ನೊಂದು ತಕರಾರು ಇತ್ತು. ಅಂಗಡಿಯ ಹಾವು ಏಣಿಯಲ್ಲಿ 10 ಬಲತುದಿಗೆ ಇರುತ್ತದೆ, 11 ಅದರ ನೆತ್ತಿಯ ಮೇಲೆ, ಅಲ್ಲಿಂದ ಸಾಲು ಹಿಂದಕ್ಕೆ, ಹೊಲ ಉಳುವ ಎತ್ತಿನ ಹಾಗೆ. ಆಡುವುದಕ್ಕೆ ಅನುಕೂಲವೇ. ಆದರೆ 3ರ ಮೇಲೆ 13 ಬರಲ್ಲ, 18 ಬರುತ್ತದೆ. ಹತ್ತು ಕೂಡಿದರೆ ಬಿಡಿ ಸ್ಥಾನ ಹಾಗೇ ಉಳಿಯುತ್ತೆ ಅಂತ ಹೇಳಿಕೊಡುವ ಹೊತ್ತಿಗೆ ಈ ಪಟ ಕೈ ಕೊಡುತ್ತದೆ. ಆಗ ಪ್ರತಿ ಸಾಲೂ ಎಡದಿಂದಲೇ ಶುರುವಾಗುವ ಪಟ ಮನೆಯಲ್ಲೇ ಗೀಚಿಕೊಳ್ಳಬೇಕು. ಇಷ್ಟು ಸಣ್ಣ ವಿಷಯ ನಾನು ಜನ್ಮದಲ್ಲಿ ಗಮನಿಸಿರಲಿಲ್ಲ.

ಅವರದ್ದೇ ಹತ್ತನೇ ಕ್ಲಾಸಿನ ಕಥೆ ಕೇಳಿ. ಸಂಭವನೀಯತೆ ಪಾಠಕ್ಕೆ ಅವರು ಚೌಕಾಬಾರ ಆಡಿಸುತ್ತಾರೆ. ನಾಲ್ಕು ಕವಡೆ, ಎಷ್ಟು ಅಂಗಾತ ಬಿದ್ದರೆ ಅಷ್ಟು, ಎಲ್ಲವೂ ಬೋರಲು ಬಿದ್ದರೆ 8. ಮಕ್ಕಳಿಗೆ 4 ಮತ್ತು 8ರ ಮೇಲೇ ಆಸೆ, ಬೀಳುವುದು ಮಾತ್ರ ಮಾತು ಮಾತಿಗೂ 2. ಯಾಕೆ? ನಾಲ್ಕು ನಾಣ್ಯದ ಹಾಗೆ ಲೆಕ್ಕ ಹಾಕಿದರೆ ಒಟ್ಟು 16 ಥರ ಬೀಳಬಹುದು. ಅದರಲ್ಲಿ 6 ಥರಕ್ಕೆ 2, ಆದರೆ 4 ಬೀಳೋದು ಒಂದೇ ಥರ, 8 ಒಂದೇ ಥರ. ಇದನ್ನು ಬೋರ್ಡಿನ ಮೇಲೆ ಬರೆಯುವ ಮೊದಲೇ ಮಕ್ಕಳ ಹೊಟ್ಟೆಗೆ ಗೊತ್ತಿರುತ್ತದೆ, ಸೋತು ಸೋತು. ಹಿಂದಿನ ಬೆಂಚಿನ ಒಬ್ಬ, "ಮಿಸ್, ಕವಡೆ ಬೆನ್ನು ಉಬ್ಬಿದೆ, ಅದು ನಾಣ್ಯದ ಥರ ಹೇಗೆ ಬೀಳುತ್ತೆ?" ಅಂತ ಕೇಳಿದನಂತೆ. ಅವತ್ತು ಪಾಠ ಬಿಟ್ಟು ನೂರು ಸಲ ಕವಡೆ ಎಸೆದು ಬರೆದುಕೊಂಡರು. ಕವಡೆ ಸಾಲದವರು ಹುಣಸೆ ಬೀಜದ ಒಂದು ಮಗ್ಗುಲನ್ನು ಬೆಳ್ಳಗಾಗುವವರೆಗೆ ಕಲ್ಲಿಗೆ ಉಜ್ಜಿ ತಂದಿದ್ದರು. ಅದರ ಲೆಕ್ಕವೇ ಬೇರೆ ಬಂತು.

"ಹೈಸ್ಕೂಲಿಗೆ ಸರಿ ಅಕ್ಕ" ಅಂದೆ ನಾನು. "ನನ್ನ ಹೆಂಡತಿಗೆ ಒಂದು, ಎರಡು, ಮೂರನೇ ಕ್ಲಾಸು ಒಟ್ಟಿಗೇ ಒಂದು ಕೋಣೆಯಲ್ಲಿ." ಅವಳದ್ದು ನಲಿ ಕಲಿ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ, ಮಕ್ಕಳು ಗುಂಪಿನಲ್ಲಿ ಆಡುತ್ತಾ ಕಲಿಯುವ ಪದ್ಧತಿ: ಕಾರ್ಡು, ಯಾವುದಾದ ಮೇಲೆ ಯಾವುದು ಕಲಿಯಬೇಕು ಅಂತ ತೋರಿಸುವ ಕಲಿಕಾ ಏಣಿ, ಗುಂಪಿಗೊಂದು ತಟ್ಟೆ. ಅವಳು ಒಂದು ಗುಂಪಿನ ಜೊತೆ ಕೂತಾಗ ಉಳಿದವರು ತಾವೇ ಆಡಿಕೊಂಡಿರಬೇಕು. ನಿಯಮ ಹೇಳುವುದಕ್ಕೇ ಹತ್ತು ನಿಮಿಷ ಹಿಡಿಯುವ ಆಟ ಅಲ್ಲಿಗೆ ನಡೆಯುವುದಿಲ್ಲ. ಅಳಗುಳಿ ಮಣೆ ನಡೆಯುತ್ತದೆ, 14 ಗುಳಿ, ತಲಾ ನಾಲ್ಕು ಬೀಜ, ಕೈಯಲ್ಲಿರೋದು ಎಲ್ಲಿ ಮುಗಿಯುತ್ತೆ ಅಂತ ಮೊದಲೇ ಊಹಿಸಬೇಕು. ಆದರೆ ಒಂದೇ ಮಣೆ ಇಟ್ಟರೆ ಇಬ್ಬರು ಆಡೋದು, ಮಿಕ್ಕವರು ಜಗಳ ಆಡೋದು. ಅದಕ್ಕೆ ಅವಳು ಅಂಗಳದ ಮಣ್ಣಿನಲ್ಲೇ ಸಾಲಾಗಿ ಗುಳಿ ತೋಡಿಸಿದ್ದಾಳೆ.

ಸರಿ, ನನ್ನ ಸಂಧಿ? ಅದಕ್ಕೆ ದಾರಿ ಹೊಳೆದದ್ದು ಮೇಜಿನ ಮೇಲಿನ ಕಾಫಿ ಲೋಟಗಳನ್ನು ಸರಿಸುತ್ತಾ. ಲೋಪ ಅಂದರೆ ಒಬ್ಬ ಎದ್ದು ಹೋಗೋದು. ಆಗಮ ಅಂದರೆ ಮಧ್ಯೆ ಒಬ್ಬ ಬಂದು ನುಸುಳೋದು. ಆದೇಶ ಅಂದರೆ ಒಬ್ಬನ ಜಾಗದಲ್ಲಿ ಇನ್ನೊಬ್ಬ. ಇದು ನಮ್ಮ ಬಸ್ಸಿನ ಸೀಟಿನ ಕಥೆ ಅಲ್ವಾ!

ಮಂಗಳವಾರ ಮಾಡಿಯೇ ಬಿಟ್ಟೆ. ಮಕ್ಕಳ ಎದೆಗೆ ದಾರದಲ್ಲಿ ಅಕ್ಷರ ಕಟ್ಟಿದೆ. ಊ, ರ್, ಉ ಒಂದು ಕಡೆ, ಅ, ನ್, ನ್, ಉ ಇನ್ನೊಂದು ಕಡೆ. ಸೀಟಿ ಊದಿದರೆ ಎರಡೂ ಗುಂಪು ಕೈ ಕೈ ಹಿಡಿಯಬೇಕು, ಆದರೆ ಎರಡು ಸ್ವರ ಅಕ್ಕಪಕ್ಕ ನಿಲ್ಲುವ ಹಾಗಿಲ್ಲ. ಮೊದಲ ಪದದ ಉ ಹೊರಗೆ. ಮಾತು, ಇಲ್ಲ: ಮತ್ತೆ ಉ ಹೊರಗೆ. ಬಲ್ಲೆನು, ಎಂದು: ಮತ್ತೆ ಅವನೇ. "ಪ್ರತಿ ಸಲ ನಾನೇನಾ ಸಾರ್ ಔಟು?" ಅಂತ ಅವನಿಗೆ ಕೋಪ. ಆಮೇಲೆ ಗುರು, ಅನ್ನು ಕೊಟ್ಟೆ. ಅವನು ಅಭ್ಯಾಸಬಲದಿಂದ ತಾನಾಗಿಯೇ ಹೊರಗೆ ನಡೆದ. ಉಳಿದವರು ಓದಿದರು: "ಗುರನ್ನು." ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. "ಅರ್ಥ ಕೆಡ್ತು ಸಾರ್, ಅವನು ವಾಪಸ್ ಬರಬೇಕು!" ಅಂತ ಕೂಗಿದ್ದು ಯಾರು ಗೊತ್ತಾ, ಹಾವು ನುಂಗಿದ ಹುಡುಗಿ. ಅಂಚಿನಲ್ಲಿ ಎದೆಗೆ ವ್ ಕಟ್ಟಿಕೊಂಡು ನಿಂತಿದ್ದ, ಓದುವುದಕ್ಕೆ ಹೆದರುವ ಒಬ್ಬ, ಯಾರೂ ಕರೆಯದೆ ಓಡಿ ಬಂದು ನಡುವೆ ನಿಂತ. ಗುರುವನ್ನು. ಅರ್ಥ ಕೆಡುವಾಗ ಲೋಪ ಆಗಲ್ಲ ಅನ್ನುವುದನ್ನು ನಾನು ಹನ್ನೆರಡು ವರ್ಷದಿಂದ ಬೋರ್ಡಿನ ಮೇಲೆ ಬರೆಯುತ್ತಿದ್ದೇನೆ.

ತೊಂದರೆ ಆದದ್ದು ಮಳೆಗಾಲದಲ್ಲಿ, ಅಂದರೆ ಮಳೆ, ಕಾಲ ಕೊಟ್ಟಾಗ. ಕ್ ಅನ್ನುವವನು ಗ್‌ಗೆ ಜಾಗ ಬಿಡಲು ಒಪ್ಪಲಿಲ್ಲ, ನಾನು ಮೊದಲು ಬಂದಿದ್ದು ಅಂದ. ಎಳೆದಾಟದಲ್ಲಿ ಇಬ್ಬರ ಅಕ್ಷರವೂ ಹರಿದವು.

ಮುಂದಿನ ಭಾನುವಾರ ಇದೆಲ್ಲ ವರದಿ ಒಪ್ಪಿಸಿ ಮುಗಿಸುವ ಹೊತ್ತಿಗೆ ಬಿಲ್ ಬಂತು. ನೋಡಿದರೆ ನಾಗನ ಕುರ್ಚಿ ಖಾಲಿ.

"ಲೋಪ" ಅಂದರು ಗಿರಿಜಕ್ಕ.

ನಾನು ರಘು ಮುಖ ನೋಡಿದೆ. ಅವನು ಜೇಬಿಗೆ ಕೈ ಹಾಕುತ್ತಾ, "ನಾನು ಆದೇಶ ಅಂತ ಯಾರು ಹೇಳಿದ್ದು?" ಅಂದ.