ಬೇಕ್ ಮಾಡುವುದಕ್ಕೆ 'ಬೇಯಿಸು' ಅನ್ನಬಹುದೇ? ಓಟ್ಸ್ ಕುಕಿ ತಂದಿಟ್ಟ ಪ್ರಶ್ನೆಗಳು

ಎಲ್ಲರಿಗೂ ನಮಸ್ಕಾರ.

ಒಂದೇ ಒಂದು ಪದದ ಬಗ್ಗೆ ಕೇಳೋಣ ಅಂತ ಬರೆಯಲು ಕೂತೆ. ಬರೆಯುತ್ತಾ ಹೋದಂತೆ ನಾಲ್ಕೈದಾದವು. ಸ್ವಲ್ಪ ಉದ್ದವಾಗಿದೆ, ತಾಳ್ಮೆಯಿರಲಿ.

ಆದದ್ದು ಇಷ್ಟು. ಬೆಳಗ್ಗೆ ತಿನ್ನಲು ಮನೆಯಲ್ಲೇ ಓಟ್ಸ್ ಕುಕಿ ಮಾಡುವುದು ನನಗೆ ರೂಢಿ. ಮೈದಾ ಇಲ್ಲ, ಸಕ್ಕರೆ ಇಲ್ಲ. ಚಿಕ್ಕಮ್ಮ ಒಮ್ಮೆ ತಿಂದು ನೋಡಿ, ಮಾಡುವ ಬಗೆ ಬರೆದು ಕಳಿಸು ಅಂದರು. ಕನ್ನಡದಲ್ಲೇ ಬರೆದೆ. 'ಬೇಯಿಸಿದ ಓಟ್ಸ್ ಬಿಸ್ಕತ್ತು' ಅಂತ ತಲೆಬರಹ ಕೊಟ್ಟೆ. ಕರಿದದ್ದಲ್ಲ, ಬೇಕ್ ಮಾಡಿದ್ದು ಅನ್ನುವುದು ನನ್ನ ಮನಸ್ಸಿನಲ್ಲಿತ್ತು. ಎರಡು ದಿನ ಬಿಟ್ಟು ಫೋನ್ ಬಂತು. "ಏನೋ ಇದು, ಟ್ರೇ ತುಂಬಾ ಹರಡಿಕೊಂಡು ಕೂತಿದೆ. ಬಿಸ್ಕತ್ತೂ ಅಲ್ಲ, ಗಂಜಿಯೂ ಅಲ್ಲ!" ಕೇಳಿದರೆ, ಅವರು ಓಟ್ಸನ್ನು ನೀರು ಹಾಕಿ ಒಲೆಯ ಮೇಲೆ ಬೇಯಿಸಿ, ಆರಿಸಿ, ಆಮೇಲೆ ಅದಕ್ಕೆ ಬಾಳೆಹಣ್ಣು ಕಲಸಿದ್ದಾರೆ. "ನೀನೇ ಬರೆದಿದ್ದೀಯಲ್ಲೋ, ಬೇಯಿಸಿದ ಓಟ್ಸ್ ಅಂತ."

ಅವರು ಓದಿದ್ದರಲ್ಲಿ ತಪ್ಪೇ ಇಲ್ಲ. ಬೇಯಿಸಿದ್ದು ಓಟ್ಸನ್ನೋ ಬಿಸ್ಕತ್ತನ್ನೋ ಅಂತ ನನ್ನ ತಲೆಬರಹ ಹೇಳುವುದೇ ಇಲ್ಲ. 'ಬೇಯಿಸಿದ' ಅನ್ನುವುದನ್ನು ಆಚೆ ಸರಿಸಿ 'ಓಟ್ಸಿನ ಬೇಯಿಸಿದ ಬಿಸ್ಕತ್ತು' ಅಂದರೆ ಇನ್ನೂ ವಿಚಿತ್ರ. ಬಿಸ್ಕತ್ತನ್ನು ಕುದಿಯುವ ನೀರಿಗೆ ಹಾಕಿದ ಹಾಗೆ ಕೇಳುತ್ತದೆ. ಅಂದರೆ ತೊಡಕು ಪದಗಳ ಸಾಲಿನಲ್ಲಿ ಮಾತ್ರ ಇಲ್ಲ, ಕ್ರಿಯಾಪದದಲ್ಲೇ ಇದೆ.

ನಮ್ಮ ಅಡುಗೆಯ ಕ್ರಿಯಾಪದಗಳನ್ನು ಒಂದು ಕಡೆ ಇಟ್ಟು ನೋಡಿ. ಎಣ್ಣೆಯಲ್ಲಿ ಮುಳುಗಿಸಿದರೆ ಕರಿಯುವುದು. ಒಣ ಬಾಣಲೆಯಲ್ಲಿ ಕೈಯಾಡಿಸಿದರೆ ಹುರಿಯುವುದು. ಹಾಲು, ನೀರು, ಎಣ್ಣೆಯಾದರೆ ಕಾಯಿಸುವುದು. ಬೆಂಕಿಗೇ ಒಡ್ಡಿದರೆ ಸುಡುವುದು. ಪ್ರತಿಯೊಂದರಲ್ಲೂ ಬಿಸಿ ಯಾವ ದಾರಿಯಲ್ಲಿ ಬಂತು ಅನ್ನುವ ಸುಳಿವಿದೆ. ಆದರೆ ಮುಚ್ಚಿದ ಜಾಗದಲ್ಲಿ, ಒಣ ಬಿಸಿ ಗಾಳಿಯಲ್ಲಿ ಆಗುವ ಕೆಲಸಕ್ಕೆ ಪದವಿಲ್ಲ. ಓವನ್ ಮನೆಯೊಳಗೆ ಬಂದದ್ದೇ ತಡವಾಗಿ, ಹಾಗಾಗಿ 'ಬೇಕ್ ಮಾಡು' ಅಂತ ಅದರ ಜೊತೆಯಲ್ಲೇ ಬಂದುಬಿಟ್ಟಿತು.

'ಸುಡು' ಹತ್ತಿರದ್ದು ಅಂತ ಮೊದಲು ನನಗೂ ಅನ್ನಿಸಿತ್ತು. ಗೆಣಸು ಸುಡುತ್ತೇವೆ, ಇಟ್ಟಿಗೆ ಸುಡುತ್ತೇವೆ, ಮಡಕೆ ಸುಡುತ್ತೇವೆ. ಕುಂಬಾರರ ಆವಿಗೆಗೂ ಓವನ್ನಿಗೂ ತತ್ವ ಒಂದೇ: ಸುತ್ತಲೂ ಬಿಸಿ, ನಡುವೆ ವಸ್ತು. ಆದರೆ 'ಕುಕಿಯನ್ನು 12 ನಿಮಿಷ ಸುಡಿ' ಅಂತ ಬರೆದು ನೋಡಿ. ಹಾಳುಮಾಡಿ ಅಂತ ಹೇಳಿದ ಹಾಗಾಗುತ್ತದೆ. 'ಸುಟ್ಟ ಗೆಣಸು' ಅಂದರೆ ಬಾಯಲ್ಲಿ ನೀರೂರುತ್ತದೆ, 'ಸುಟ್ಟ ಬಿಸ್ಕತ್ತು' ಅಂದರೆ ಕಸದ ಬುಟ್ಟಿ ನೆನಪಾಗುತ್ತದೆ. ಒಂದೇ ಪದ, ಪಕ್ಕದ ಪದ ಬದಲಾದರೆ ಹಣೆಬರಹವೇ ಬದಲು.

ಇನ್ನು 'ಬೇಯಿಸು'. ಇದಕ್ಕೆ ನೀರು ಬೇಕೇ ಬೇಕು ಅಂತ ನಾವು ಅಂದುಕೊಂಡಿದ್ದೇವೆ, ಅಲ್ವಾ? ನನಗೀಗ ಹಾಗನ್ನಿಸುವುದಿಲ್ಲ. ಕೇಕಿನ ನಡುವೆ ಕಡ್ಡಿ ಚುಚ್ಚಿ ನೋಡಿದವರು ಏನು ಹೇಳುತ್ತಾರೆ? "ಒಳಗಡೆ ಇನ್ನೂ ಬೆಂದಿಲ್ಲ." ಅಲ್ಲಿ ನೀರೆಲ್ಲಿದೆ? ಬೆಂದ ಇಟ್ಟಿಗೆ ಅನ್ನುತ್ತೇವೆ. ಬಿಸಿಲಲ್ಲಿ ಬೆಂದು ಬಂದೆ ಅನ್ನುತ್ತೇವೆ. ಹೊಟ್ಟೆಕಿಚ್ಚಿನಲ್ಲಿ ಬೇಯುವವರೂ ಇದ್ದಾರೆ. 'ಬೇಸಿಗೆ'ಯಲ್ಲಿ ಇರುವುದೂ ಇದೇ 'ಬೇ'. ಅಂದರೆ ಬೇಯುವುದರ ತಿರುಳು ಬಿಸಿ ಒಳಗಿನ ತನಕ ಮುಟ್ಟುವುದು. ನೀರು ಅಡುಗೆಮನೆಯ ರೂಢಿಯಿಂದ ಆಮೇಲೆ ಅಂಟಿಕೊಂಡದ್ದು ಅಂತ ನನ್ನ ಎಣಿಕೆ. ಲ್ಯಾಟಿನ್ನಿನಲ್ಲೂ ಹೀಗೇ: ಅಡುಗೆ ಮಾಡು, ಇಟ್ಟಿಗೆ ಸುಡು, ಹಣ್ಣು ಮಾಗಿಸು, ಎಲ್ಲಕ್ಕೂ ಒಂದೇ ಕ್ರಿಯಾಪದ ಇತ್ತು.

ಇದರಲ್ಲಿ ಒಂದು ಸಣ್ಣ ಸಂಗತಿ ನನಗೆ ಬಹಳ ಹಿಡಿಸಿತು. 'ಬೇಯು' ಅನ್ನುವಾಗ ಯಾರೂ ತಕರಾರು ಮಾಡುವುದಿಲ್ಲ. 'ಕುಕಿ ಬೆಂದಿದೆ' ಅಂದರೆ ಎಲ್ಲರಿಗೂ ಸರಿ. 'ಬೇಯಿಸು' ಅಂದ ಕೂಡಲೇ ಪಾತ್ರೆ, ನೀರು, ಒಲೆ ಕಣ್ಣಮುಂದೆ ಬರುತ್ತವೆ. ತಾನಾಗಿ ಆಗುವುದನ್ನು ಹೇಳುವಾಗ ಅರ್ಥ ಅಗಲ, ಮಾಡಿಸುವುದನ್ನು ಹೇಳುವಾಗ ಕಿರಿದು. ಬೇರೆ ಕ್ರಿಯಾಪದಗಳಲ್ಲೂ ಹೀಗೆ ಆಗುವುದನ್ನು ಯಾರಾದರೂ ಗಮನಿಸಿದ್ದೀರಾ?

ಹಾಗಾಗಿ ಈಗ ನಾನು ಬರೆಯುವುದು ಹೀಗೆ: 'ಓವನ್ನಿನಲ್ಲಿಟ್ಟು ಬೇಯಲು ಬಿಡಿ.' ಜಾಗದ ಹೆಸರು ಹೇಳಿದರೆ ನೀರು ತಾನಾಗಿ ದೂರ ಉಳಿಯುತ್ತದೆ. ತಲೆಬರಹದಲ್ಲಿ ಮಾತ್ರ ಸುಮ್ನೆ 'ಬೇಕ್ ಮಾಡಿದ' ಅಂತಲೇ ಇರಲಿ ಅಂತ ಬಿಟ್ಟಿದ್ದೇನೆ. ಎರಡೂ ವಿಧಾನಕ್ಕೆ ನಿಜವಾದ ವ್ಯತ್ಯಾಸ ಇದೆ ತಾನೇ. ತೆರೆದ ಪಾತ್ರೆಯ ನೀರಲ್ಲಿ ಬೇಯುವ ವಸ್ತು 100 ಡಿಗ್ರಿ ದಾಟುವುದಿಲ್ಲ, ಅದಕ್ಕೇ ಕೆಂಪಾಗುವುದಿಲ್ಲ. ಓವನ್ನಿನಲ್ಲಿ ಮೇಲ್ಮೈ ಒಣಗಿ ಬಿಸಿ ಇನ್ನೂ ಏರುತ್ತದೆ, ಬಣ್ಣವೂ ಪರಿಮಳವೂ ಬರುವುದು ಆಗಲೇ. ಅಂದ ಹಾಗೆ, ಆ ಬಣ್ಣಕ್ಕೆ 'ಚಿನ್ನದ ಕಂದು' ಅಂತ ಕೆಲವರು ಬರೆಯುತ್ತಾರೆ. ದಯವಿಟ್ಟು ಬೇಡ. 'ಕೆಂಪಗಾಗುವ ತನಕ' ಅಂದರೆ ಯಾವ ಅಡುಗೆಯವರಿಗೂ ಗೊತ್ತಾಗುತ್ತದೆ. ಚಂದ ಬೇಕಿದ್ದರೆ 'ಹೊಂಬಣ್ಣ' ಇದ್ದೇ ಇದೆ.

ಓವನ್ ಮೊದಲೇ ಬಿಸಿ ಮಾಡುವುದಕ್ಕೆ 'ಓವನ್ 10 ನಿಮಿಷ ಕಾಯಲಿ' ಅಂತ ಬರೆದಿದ್ದೆ. ಮಗಳು ಓದಿ ನಕ್ಕಳು. "ಯಾರಿಗೋಸ್ಕರ ಕಾಯುತ್ತೆ ಅಪ್ಪಾ ಅದು?" ಈಗ 'ಕಾಯಿಸಿಟ್ಟುಕೊಳ್ಳಿ' ಅಂತ ತಿದ್ದಿದ್ದೇನೆ.

ಇನ್ನೊಂದು ಮಾತು ಚಿಕ್ಕಮ್ಮನ ಪರವಾಗಿ. ಪೊಟ್ಟಣದಲ್ಲಿ ಸಿಗುವ ಚಪ್ಪಟೆ ಓಟ್ಸ್ ನಿಜಕ್ಕೂ ಒಮ್ಮೆ ಬೆಂದದ್ದೇ! ಹೊಟ್ಟು ತೆಗೆದ ಕಾಳನ್ನು ಹಬೆಯಲ್ಲಿ ಬೇಯಿಸಿ, ಉರುಳೆಗಳ ನಡುವೆ ಹಾಯಿಸಿ ಚಪ್ಪಟೆ ಮಾಡುತ್ತಾರೆ. ಹಬೆ ಕೊಡುವುದಕ್ಕೆ ಕಾರಣ ಇದೆ. 100 ಗ್ರಾಂ ಓಟ್ಸಿನಲ್ಲಿ ಸುಮಾರು 7 ಗ್ರಾಂ ಜಿಡ್ಡು ಇರುತ್ತದೆ, ಗೋಧಿಗಿಂತ ಬಹಳ ಜಾಸ್ತಿ. ಕಾಳಿನಲ್ಲೇ ಇರುವ ಒಂದು ಕಿಣ್ವ ಈ ಜಿಡ್ಡನ್ನು ಒಡೆದು ಕೆಡಿಸುತ್ತದೆ. ಹಬೆ ಆ ಕಿಣ್ವದ ಕೆಲಸ ನಿಲ್ಲಿಸುತ್ತದೆ. ಇಲ್ಲದಿದ್ದರೆ ಓಟ್ಸ್ ಬೇಗ ಕಮಟು ಹಿಡಿಯುತ್ತದೆ. ಈ 'ಕಮಟು' ಎಷ್ಟು ಒಳ್ಳೆಯ ಪದ ನೋಡಿ. ತೇವಕ್ಕೆ ಬರುವುದು ಮುಗ್ಗಲು ವಾಸನೆ, ಹಳೆಯ ಜಿಡ್ಡಿಗೆ ಬರುವುದು ಕಮಟು ವಾಸನೆ. ಎರಡನ್ನೂ 'ಕೆಟ್ಟ ವಾಸನೆ' ಅಂತ ಒಂದೇ ಚೀಲಕ್ಕೆ ತುಂಬುವುದು ಅನ್ಯಾಯ.

ಓಟ್ಸಿನ ಹೆಸರಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. 'ತೋಕೆಗೋಧಿ' ಅಂತ ಒಂದು ಪದ ಇದೆ. ಅಡುಗೆಮನೆಯಲ್ಲಿ ಯಾರೂ ಅಂದದ್ದನ್ನು ನಾನು ಕೇಳಿಲ್ಲ. ಕೇಳಲು ಚಂದ, ಆದರೆ ದಾರಿ ತಪ್ಪಿಸುತ್ತದೆ. ಓಟ್ಸ್ ಗೋಧಿಯ ಜಾತಿಯದ್ದಲ್ಲ, ಗೋಧಿಯ ಅಂಟು ಅದರಲ್ಲಿಲ್ಲ. ಗೋಧಿ ಒಗ್ಗದವರು ಈ ಹೆಸರು ಕೇಳಿ ಹೆದರಿ ಬಿಟ್ಟಾರು. ಹಾಗಂತ ಅವರು ಕಣ್ಣುಮುಚ್ಚಿ ತಿನ್ನುವಂತೆಯೂ ಇಲ್ಲ. ಹೊಲದಲ್ಲೋ ಗಿರಣಿಯಲ್ಲೋ ಗೋಧಿ ಬೆರೆತಿರುತ್ತದೆ, ಪೊಟ್ಟಣದ ಮೇಲಿನ ಬರಹ ನೋಡಿಯೇ ಕೊಳ್ಳಬೇಕು. ಬಹುವಚನದ 'ಸ್' ತೆಗೆದು 'ಓಟು' ಅನ್ನೋಣ ಅಂತ ಒಬ್ಬ ಗೆಳೆಯರು ಹೇಳಿದರು. 'ಬಟ್ಟಲಿಗೆ ಒಂದೂವರೆ ಕಪ್ ಓಟು ಹಾಕಿ' ಅಂತ ಬರೆದು ತೋರಿಸಿದೆ. ಚುನಾವಣೆಯ ವಾಸನೆ ಬಂತು, ಸುಮ್ಮನಾದರು. ತುಂಡು ಮಾಡಿದ ಓಟ್ಸಿಗೆ ಮಾತ್ರ 'ನುಚ್ಚು' ಅಂತ ನಮ್ಮದೇ ಪದ ಸಲೀಸಾಗಿ ಕೂರುತ್ತದೆ. ಕುಕಿಗೆ ಅದು ಬೇಡ, ಹಲ್ಲಿಗೆ ಸಿಗುತ್ತದೆ.

ಕುಕಿಯೋ ಬಿಸ್ಕತ್ತೋ? ನಾನು ಮೊದಲು 'ಬಿಸ್ಕತ್ತು' ಪಕ್ಷ. ಕನ್ನಡದಲ್ಲಿ ಬೇರೂರಿದ ಪದ, ವಿಭಕ್ತಿ ಹಚ್ಚಲು ಸುಲಭ. ಈಗ ಪಕ್ಷ ಬದಲಿಸಿದ್ದೇನೆ. ಬಿಸ್ಕತ್ತಿನ ಮೂಲ ಅರ್ಥ ಎರಡು ಸಲ ಬೆಂದದ್ದು. ಒಣಗಿ ಗರಿಗರಿಯಾಗಿರಬೇಕು ಅನ್ನುವುದು ಹುಟ್ಟಿನಿಂದಲೇ ಬಂದ ಗುಣ. ಕುಕಿ ಡಚ್ಚರ 'ಕೂಕ್ಯೆ', ಅಂದರೆ ಪುಟ್ಟ ಕೇಕು. ಬಾಳೆಹಣ್ಣು ಹಾಕಿದ ಓಟ್ಸ್ ಕುಕಿ ಎಷ್ಟು ಹೊತ್ತು ಓವನ್ನಿನಲ್ಲಿದ್ದರೂ ಗರಿಗರಿಯಾಗುವುದಿಲ್ಲ. ಒಳಗೆ ತೇವ ಉಳಿದೇ ಇರುತ್ತದೆ. ಬಿಸ್ಕತ್ತು ಅಂತ ಕರೆದರೆ ತಿನ್ನುವವರಿಗೆ ನಿರಾಸೆ, ಕುಕಿ ಅಂದರೆ ಒಪ್ಪುತ್ತಾರೆ. ಇಲ್ಲಿ ಪದ ಬರೀ ಹೆಸರಲ್ಲ, ಹಲ್ಲಿಗೆ ಕೊಟ್ಟ ಮುನ್ಸೂಚನೆ. ಆದರೆ ಆ ಅಗಿಯುವ ಗುಣಕ್ಕೇ ಒಂದು ಪದ ಸಿಗುತ್ತಿಲ್ಲ. 'ಮೆತ್ತಗೆ' ಅಂದರೆ ಗಾಳಿಗೆ ಬಿಟ್ಟು ಕೆಟ್ಟದ್ದು ಅನ್ನಿಸುತ್ತದೆ. 'ಜಿಗುಟು' ಅಂದರೆ ಕೈಗೆ ಅಂಟುವುದು. 'ಅಗಿಯಲು ಸಿಗುವಂಥ' ಅಂತ ಬರೆದಿದ್ದೇನೆ, ಅರೆಮನಸ್ಸಿನಿಂದ.

ಈಗ ನನ್ನನ್ನು ಹೆಚ್ಚು ಕಾಡಿದ ಪದಕ್ಕೆ ಬರುತ್ತೇನೆ. ಮೈಗೆ ಒಳ್ಳೆಯದಾದ, ಹೊಟ್ಟೆಯೂ ತುಂಬುವ ತಿಂಡಿಗೆ ಏನನ್ನಬೇಕು? 'ಆರೋಗ್ಯಕರ' ಪೊಟ್ಟಣದ ಮಾತಾಗಿದೆ. 'ಪೌಷ್ಟಿಕ' ಅಂದರೆ ಶಾಲೆಯ ಗೋಡೆಯ ಚಿತ್ರಪಟ ನೆನಪಾಗುತ್ತದೆ. ಈ ಅರ್ಥಕ್ಕೆ ಹೇಳಿ ಮಾಡಿಸಿದ ಪದ ಒಂದಿತ್ತು: 'ಪಥ್ಯ'. ಸಂಸ್ಕೃತದಲ್ಲಿ 'ಪಥ' ಅಂದರೆ ದಾರಿ. ದಾರಿಗೆ ತಕ್ಕದ್ದು, ಹಿತವಾದದ್ದು ಪಥ್ಯ. ಕನ್ನಡದ ಬಾಯಲ್ಲಿ ಅದು ಕಾಯಿಲೆಯವರ ಊಟವಾಯಿತು. ಉಪ್ಪಿಲ್ಲ, ಖಾರವಿಲ್ಲ, ಮುಖ ಕಿವುಚಿಕೊಂಡು ತಿನ್ನುವುದು. 'ಪಥ್ಯದ ಕುಕಿ' ಅಂತ ಹೆಸರಿಟ್ಟರೆ ಮಕ್ಕಳು ಹತ್ತಿರವೂ ಬರುವುದಿಲ್ಲ. ಆದರೆ ಹಳೆಯ ಅರ್ಥ ಪೂರ್ತಿ ಸತ್ತಿಲ್ಲ. 'ಆ ಮಾತು ಅವನಿಗೆ ಪಥ್ಯವಾಗಲಿಲ್ಲ' ಅನ್ನುತ್ತೇವಲ್ಲ, ಅಲ್ಲಿ ಅದು ಹಿತವಾಗಲಿಲ್ಲ ಅಂತಲೇ ಅರ್ಥ. ಊಟದ ತಟ್ಟೆಯಲ್ಲಿ ಕಳೆದುಕೊಂಡ ಅರ್ಥವನ್ನು ಮಾತಿನಲ್ಲಿ ಉಳಿಸಿಕೊಂಡಿದೆ. ಅದೂ ಹೆಚ್ಚಾಗಿ 'ಇಲ್ಲ' ಅನ್ನುವ ವಾಕ್ಯಗಳಲ್ಲೇ.

'ಹೊಟ್ಟೆಗೆ ಆಧಾರ' ಅನ್ನುವುದು ನನಗೆ ಸದ್ಯಕ್ಕೆ ಎಲ್ಲಕ್ಕಿಂತ ಸರಿಕಂಡದ್ದು. ಎರಡು ಕುಕಿ ತಿಂದು ಹೊರಟರೆ ಮಧ್ಯಾಹ್ನದ ತನಕ ಹೊಟ್ಟೆ ತಡೆಯುತ್ತದೆ ಅನ್ನುವುದಷ್ಟೇ ಅದರ ಭರವಸೆ. ಹೆಚ್ಚು ಹೇಳುವುದೂ ಬೇಡ. ಓಟ್ಸಿನಲ್ಲಿರುವ ಬೀಟಾ ಗ್ಲುಕಾನ್ ಎಂಬ ನಾರು ನೀರು ಹೀರಿ ಲೋಳೆಯಾಗುತ್ತದೆ, ಹೊಟ್ಟೆಯಲ್ಲಿ ನಿಧಾನಕ್ಕೆ ಸಾಗುತ್ತದೆ. ದಿನಕ್ಕೆ ಈ ನಾರು 3 ಗ್ರಾಂ ಸೇರಿದರೆ ಹೃದಯದ ಕಾಯಿಲೆಯ ಅಪಾಯ ತಗ್ಗಬಹುದು ಅಂತ ಪೊಟ್ಟಣದ ಮೇಲೆ ಬರೆಯಲು ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 1997ರಲ್ಲಿ ಒಪ್ಪಿಗೆ ಕೊಟ್ಟಿತು. ಅಲ್ಲಿ 'ತಗ್ಗಬಹುದು' ಅನ್ನುವ ಪದದ ಮೇಲೆ ಬೆರಳಿಡಿ. 100 ಗ್ರಾಂ ಓಟ್ಸಿನಲ್ಲಿ ಈ ನಾರು ಸುಮಾರು 4 ಗ್ರಾಂ. ನನ್ನ ಒಂದು ಕುಕಿಯಲ್ಲಿ 12 ಗ್ರಾಂನಷ್ಟು ಓಟ್ಸ್ ಇದೆ. ಲೆಕ್ಕ ಹಾಕಿದರೆ 3 ಗ್ರಾಂ ನಾರಿಗೆ ಆರಕ್ಕೂ ಹೆಚ್ಚು ಕುಕಿ ತಿನ್ನಬೇಕು. ಆದ್ದರಿಂದ 'ಹೊಟ್ಟೆಗೆ ಆಧಾರ' ಸಾಕು. ಆದರೆ ಇದು ವಿಶೇಷಣವಾಗಿ ಕೂರುವುದಿಲ್ಲ. 'ಹೊಟ್ಟೆಗಾಧಾರ ಕುಕಿ'? ಊಹೂಂ.

'ಬೆಳಗಿನ ತಿಂಡಿಯ ಕುಕಿ' ಅಂತ ಬರೆದರೂ ಸಣ್ಣ ಎಡವಟ್ಟಿದೆ. ಕುಕಿಯೇ ಒಂದು ತಿಂಡಿ. ತಿಂಡಿಗೆ ತಿಂಡಿ. 'ಬೆಳಗಿನ ಕುಕಿ' ಅಂದುಬಿಟ್ಟಿದ್ದೇನೆ.

ತಿದ್ದಿದ ಬರಹವನ್ನೂ ಹಾಕುತ್ತೇನೆ, ಪದಗಳು ಎಲ್ಲಿ ತೊಡರುತ್ತವೆ ನೋಡಿ ಹೇಳಿ:

ಚೆನ್ನಾಗಿ ಕಳಿತ ಬಾಳೆಹಣ್ಣು ಎರಡು ತೆಗೆದುಕೊಂಡು ಕೈಯಲ್ಲೇ ಕಿವುಚಿ. ಕಳಿತಷ್ಟೂ ಸಿಹಿ ಜಾಸ್ತಿ, ಸಕ್ಕರೆ ಬೇಕಾಗುವುದಿಲ್ಲ. ಅದಕ್ಕೆ ಒಂದೂವರೆ ಕಪ್ ಚಪ್ಪಟೆ ಓಟ್ಸನ್ನು ಹಸಿಯಾಗಿಯೇ ಹಾಕಿ. ಒಂದು ಹಿಡಿ ಬಾದಾಮಿ ಚೂರು, ಒಂದು ಹಿಡಿ ಒಣದ್ರಾಕ್ಷಿ, ಚಿಟಿಕೆ ಉಪ್ಪು, ಸ್ವಲ್ಪ ಚಕ್ಕೆಪುಡಿ ಸೇರಿಸಿ ಕಲಸಿ. ನಾದಬೇಡಿ. 15 ನಿಮಿಷ ಬಿಡಿ. ಓಟ್ಸ್ ನೆನೆಯಬೇಕು, ಬೇಯಬಾರದು. ಓವನ್ನನ್ನು 180 ಡಿಗ್ರಿಗೆ ಕಾಯಿಸಿಟ್ಟುಕೊಳ್ಳಿ. ಟ್ರೇಗೆ ಬೆಣ್ಣೆಕಾಗದ ಹಾಸಿ, ಹನ್ನೆರಡು ಉಂಡೆ ಮಾಡಿ ಇಟ್ಟು, ಅಂಗೈಯಲ್ಲಿ ತಟ್ಟಿ. ತಟ್ಟಿದ ಆಕಾರದಲ್ಲೇ ಉಳಿಯುತ್ತವೆ, ತಾವಾಗಿ ಹರಡುವುದಿಲ್ಲ. ಅಂಚು ಕೆಂಪಗಾಗುವ ತನಕ, ಅಂದರೆ 12ರಿಂದ 15 ನಿಮಿಷ, ಓವನ್ನಿನಲ್ಲಿ ಬೇಯಲು ಬಿಡಿ. ತೆಗೆದಾಗ ಇನ್ನೂ ಬೆಂದಿಲ್ಲ ಅನ್ನಿಸುವಷ್ಟು ಮೆತ್ತಗಿರುತ್ತವೆ. ಟ್ರೇಯಲ್ಲೇ 10 ನಿಮಿಷ ಬಿಟ್ಟರೆ ಹದಕ್ಕೆ ಬರುತ್ತವೆ.

ಆ 'ಹದಕ್ಕೆ ಬರುತ್ತವೆ' ಅನ್ನುವುದನ್ನು ಮಾತ್ರ ಯಾರೂ ತಿದ್ದಬೇಡಿ. ಉಳಿದದ್ದೆಲ್ಲ ನಿಮ್ಮ ಕೈಯಲ್ಲಿದೆ. ಮುಖ್ಯವಾಗಿ ಎರಡು ತಿಳಿಯಬೇಕು. ನಿಮ್ಮ ಮನೆಯಲ್ಲಿ ಓವನ್ ಕೆಲಸಕ್ಕೆ 'ಬೇಕ್ ಮಾಡು' ಬಿಟ್ಟು ಬೇರೆ ಮಾತು ಬಳಕೆಯಲ್ಲಿದೆಯೇ? ಗರಿಗರಿಯೂ ಅಲ್ಲದ, ಮೆತ್ತಗೂ ಅಲ್ಲದ, ಹಲ್ಲಿಗೆ ಒಂದಿಷ್ಟು ಕೆಲಸ ಕೊಡುವ ಆ ಗುಣಕ್ಕೆ ನಿಮ್ಮ ಕಡೆ ಏನನ್ನುತ್ತಾರೆ? ಚಿಕ್ಕಮ್ಮನನ್ನೂ ಕೇಳಿದೆ. "ಮೊದಲು ಸರಿಯಾಗಿ ಬರಲಿ, ಆಮೇಲೆ ಹೆಸರಿಡೋಣ" ಅಂದರು.