ಪೊಲೀಸ್ ಪರಿಶೀಲನೆ ಮತ್ತು ಕಾಲೇಜು ದಿನಗಳ ಕೆಂಬಾವುಟ

ಪ್ರಶ್ನೆ: ಶಿರಸಿಯ ಪಾಲಕ

ನನ್ನ ಮಗಳು ರಾಜ್ಯ ಸರ್ಕಾರದ ಪ್ರಥಮ ದರ್ಜೆ ಸಹಾಯಕರ ಹುದ್ದೆಗೆ ಆಯ್ಕೆಯಾಗಿದ್ದಾಳೆ. ಧಾರವಾಡದಲ್ಲಿ ಓದುವಾಗ ಎರಡು ವರ್ಷ ಎಡಪಕ್ಷವೊಂದರ ವಿದ್ಯಾರ್ಥಿ ಸಂಘಟನೆಯಲ್ಲಿದ್ದಳು. ಬಸ್ ಪಾಸ್ ದರ ಏರಿಕೆಯ ವಿರುದ್ಧ ಧರಣಿ ಕುಳಿತಾಗ ಪೊಲೀಸರು ಎಲ್ಲರನ್ನೂ ವ್ಯಾನಿನಲ್ಲಿ ಕರೆದೊಯ್ದು ಸಂಜೆ ಬಿಟ್ಟಿದ್ದರು. ಪ್ರಕರಣ ದಾಖಲಾಗಿತ್ತೇ ಎಂಬುದು ಅವಳಿಗೇ ತಿಳಿಯದು. ಕಳೆದ ವಾರ ಠಾಣೆಯಿಂದ ಬಂದವರು ಜಗಲಿಯ ಮೇಲೆ ಕುಳಿತು, ಮುರುಗಲ ಪಾನಕ ಕುಡಿದು, ಹೆಸರು ವಿಳಾಸ ಬರೆದುಕೊಂಡು ಹೊರಟರು. ಹೋಗುವಾಗ, ಅಂಗಳದಲ್ಲಿ ಅಡಿಕೆ ಹರವುತ್ತಿದ್ದ ಪಕ್ಕದ ಮನೆಯವರನ್ನು ನಿಲ್ಲಿಸಿ, ಹುಡುಗಿ ಕಮ್ಯುನಿಸ್ಟರ ಜೊತೆ ಇದ್ದಳಂತೆ ಹೌದೇ ಎಂದು ವಿಚಾರಿಸಿದರಂತೆ. ಈ ಕಾರಣಕ್ಕೆ ನೌಕರಿ ತಪ್ಪಬಹುದೇ? ಪೊಲೀಸ್ ಪರಿಶೀಲನೆಗೆ ತುಂಬುವ ನಮೂನೆಯಲ್ಲಿ ಆ ದಿನದ ಸಂಗತಿ ಬರೆಯಬೇಕೇ? ಬರೆದು ಕೆಟ್ಟವರುಂಟು, ಬರೆಯದೆ ಕೆಟ್ಟವರಿಲ್ಲ ಎಂಬುದು ನನ್ನ ಭಾವನ ವಾದ.

ಉತ್ತರ: ನಿವೃತ್ತ ಗುಮಾಸ್ತ, ಕಾರವಾರ

ನಿಮ್ಮ ಭಾವನ ಮಾತು ಕೇಳಬೇಡಿ. ಸಿಬ್ಬಂದಿ ಶಾಖೆಯಲ್ಲಿ ಕಡತ ಹೊತ್ತವನಾಗಿ ಹೇಳುತ್ತೇನೆ: ಧರಣಿಗಿಂತ ಹೆಚ್ಚು ಜನರನ್ನು ಕೆಡಿಸಿದ್ದು 'ಇಲ್ಲ' ಎಂದು ಬರೆದ ಕಾಲಂ. ನಮೂನೆಯಲ್ಲಿ ಬಂಧನ, ವಶ, ಮೊಕದ್ದಮೆ, ದಂಡ ಎಂದು ಬೇರೆ ಬೇರೆಯಾಗಿ ಕೇಳಿದ್ದರೆ ಒಂದೊಂದಕ್ಕೂ ಬೇರೆಯಾಗಿಯೇ ಉತ್ತರಿಸಬೇಕು. ಕೇಳದ್ದನ್ನು ಸೇರಿಸಿ ಪುರಾಣ ಬರೆಯುವುದೂ ಬೇಡ. ಮುಚ್ಚಿಟ್ಟ ಮಾಹಿತಿಯ ಕುರಿತು ಸುಪ್ರೀಂ ಕೋರ್ಟು 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ವಿವರವಾಗಿ ಹೇಳಿದೆ. ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಸಂಗತಿಯನ್ನು ಮುಚ್ಚಿಟ್ಟಿದ್ದರೂ ನೇಮಕಾಧಿಕಾರಿ ಅದನ್ನು ಮನ್ನಿಸಬಹುದು ಎಂಬ ಮಾತು ಅಲ್ಲಿದೆ. ಆದರೆ ಅದು ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು, ನಿಮ್ಮ ಹಕ್ಕಲ್ಲ.

ಉತ್ತರ: ಅಘನಾಶಿನಿ ದಂಡೆ

ಮೊದಲ ಪ್ರಶ್ನೆಗೆ ಹತ್ತಿರದ ಉತ್ತರ ಸುಪ್ರೀಂ ಕೋರ್ಟಿನ 1983ರ ರಮಾಶಂಕರ್ ರಘುವಂಶಿ ತೀರ್ಪಿನಲ್ಲಿದೆ. ಮಧ್ಯಪ್ರದೇಶದ ಆ ಶಿಕ್ಷಕರು ಆರೆಸ್ಸೆಸ್ ಮತ್ತು ಜನಸಂಘದ ಚಟುವಟಿಕೆಯಲ್ಲಿದ್ದರೆಂಬ ಪೊಲೀಸ್ ವರದಿಯ ಮೇಲೆ 1974ರಲ್ಲಿ ಅವರನ್ನು ತೆಗೆದುಹಾಕಲಾಗಿತ್ತು. ಹಿಂದೆ ಯಾವ ರಾಜಕೀಯದಲ್ಲಿದ್ದರೆಂಬ ಕಾರಣಕ್ಕೆ ಸರ್ಕಾರಿ ಕೆಲಸ ಕಸಿಯಲಾಗದೆಂದು ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ ಬರೆದರು. ಬಲಕ್ಕೆ ಸಿಕ್ಕ ರಕ್ಷಣೆ ಎಡಕ್ಕೂ ಸಲ್ಲುತ್ತದೆ. ಕಾನೂನಿಗೆ ಬಾವುಟದ ಬಣ್ಣ ಕಾಣಬಾರದಷ್ಟೆ.

ಉತ್ತರ: ಕಾಳಿ ಸೇತುವೆ

ಇಷ್ಟು ನಿರಾಳವಾಗಿ ಹೇಳುವುದು ಸರಿಯಲ್ಲ. ಬಂಗಾಳ ನಾಗಪುರ ರೈಲ್ವೆಯ ನೌಕರರನ್ನು 1949ರ ರಾಷ್ಟ್ರೀಯ ಭದ್ರತಾ ನಿಯಮಗಳಡಿ ತೆಗೆದಾಗ, 1957ರ ಬಾಲಕೋಟಯ್ಯ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಸರ್ಕಾರದ ಪರ ನಿಂತಿತು. ಅವರು ಕಮ್ಯುನಿಸ್ಟರಾಗಿರಲು ಅಡ್ಡಿಯಿಲ್ಲ, ಆದರೆ ನೌಕರಿಯಲ್ಲಿ ಮುಂದುವರಿಯುವುದು ಮೂಲಭೂತ ಹಕ್ಕಲ್ಲ ಎಂಬುದು ಅದರ ತಿರುಳು. ನಮ್ಮ ಕರಾವಳಿಯಲ್ಲಿ ಕೈಗಾ ಅಣುಸ್ಥಾವರವಿದೆ, ಸೀಬರ್ಡ್ ನೌಕಾನೆಲೆಯಿದೆ. ಅಲ್ಲಿಗೆ ಹೋಗುವವರ ಹಿನ್ನೆಲೆ ಕೆದಕದಿದ್ದರೆ ಅದೇ ತಪ್ಪು.

ಉತ್ತರ: ಅಘನಾಶಿನಿ ದಂಡೆ

ಕೈಗಾದ ಮಾತು ಒಪ್ಪುತ್ತೇನೆ. ಆದರೆ ಬಾಲಕೋಟಯ್ಯ ಪ್ರಕರಣದಲ್ಲಿ ಆರೋಪವಿದ್ದದ್ದು ಬರೀ ಸದಸ್ಯತ್ವದ ಮೇಲಲ್ಲ, ಮುಷ್ಕರದಿಂದ ಸಂಪರ್ಕ ವ್ಯವಸ್ಥೆಯನ್ನೇ ಕೆಡಿಸುವ ಸಂಚಿನ ಮೇಲೆ. ಹುದ್ದೆ ಯಾವುದೆಂದು ನೋಡದೆ ಎಲ್ಲರನ್ನೂ ಒಂದೇ ಜರಡಿಗೆ ಹಾಕಿದರೆ ಏನಾಗುತ್ತದೆಂಬುದಕ್ಕೆ ಅಮೆರಿಕ ಸಾಕ್ಷಿ. ಅಧ್ಯಕ್ಷ ಟ್ರೂಮನ್ 1947ರಲ್ಲಿ ಸರ್ಕಾರಿ ನೌಕರರ ನಿಷ್ಠೆಯ ತಪಾಸಣೆ ಆರಂಭಿಸಿದರು, 1953ರಲ್ಲಿ ಐಸೆನ್‌ಹೋವರ್ ಅದನ್ನು ಇನ್ನಷ್ಟು ಬಿಗಿಗೊಳಿಸಿದರು. ಕೊನೆಗೆ ಆಹಾರ ಮತ್ತು ಔಷಧ ಇಲಾಖೆಯ ಒಬ್ಬ ಇನ್‌ಸ್ಪೆಕ್ಟರನ್ನೂ ಕಮ್ಯುನಿಸ್ಟ್ ಒಡನಾಟದ ಶಂಕೆಯ ಮೇಲೆ ಮನೆಗೆ ಕಳಿಸಿದರು. ರಾಷ್ಟ್ರದ ಭದ್ರತೆಗೆ ನೇರ ಸಂಬಂಧವಿಲ್ಲದ ಹುದ್ದೆಗೆ ಹಾಗೆ ಕೆಲಸದಿಂದ ತೆಗೆಯುವ ಕಾನೂನು ಅನ್ವಯಿಸದೆಂದು ಅಲ್ಲಿನ ಸುಪ್ರೀಂ ಕೋರ್ಟು 1956ರ ಕೋಲ್ ಪ್ರಕರಣದಲ್ಲಿ ಹೇಳಬೇಕಾಯಿತು. ಗುಮಾಸ್ತೆಯ ಮೇಜನ್ನು ಅಣುಸ್ಥಾವರದ ಪಕ್ಕಕ್ಕೆ ಎಳೆದು ತರುವುದು ಬೇಡ.

ಉತ್ತರ: ನಿವೃತ್ತ ಗುಮಾಸ್ತ, ಕಾರವಾರ

ವಾದ ಬದಿಗಿರಲಿ. ಪ್ರಕರಣವಿತ್ತೇ ಎಂಬುದನ್ನು ಧಾರವಾಡದ ಆ ಠಾಣೆಗೆ ಅರ್ಜಿ ಕೊಟ್ಟು ಲಿಖಿತವಾಗಿ ಪಡೆಯಿರಿ. ನೌಕರಿಗೆ ಸೇರಿದ ಮೇಲೆ ರಾಜಕೀಯ ಪಕ್ಷದ ನಂಟಿಗೆ ನಡತೆ ನಿಯಮಗಳಲ್ಲಿ ಅವಕಾಶವಿಲ್ಲ. ಸಂಘಟನೆಯ ಪುಸ್ತಕದಲ್ಲಿ ಇನ್ನೂ ಹೆಸರಿದ್ದರೆ ಈಗಲೇ ರಾಜೀನಾಮೆ ಕೊಟ್ಟು ಅದರ ಪ್ರತಿ ಇಟ್ಟುಕೊಳ್ಳಲಿ.

ಪಾಲಕ, ಶಿರಸಿ

ಧನ್ಯವಾದ. ಸೋಮವಾರ ಧಾರವಾಡಕ್ಕೆ ಹೋಗುತ್ತೇವೆ. ಮಗಳು 'ಧರಣಿಯಲ್ಲಿ ವಶಕ್ಕೆ ಪಡೆದು ಅದೇ ಸಂಜೆ ಬಿಡುಗಡೆ ಮಾಡಿದರು' ಎಂದು ಒಂದೇ ಸಾಲು ಬರೆದಿಟ್ಟಿದ್ದಾಳೆ. ತಾರೀಕಿನ ಜಾಗ ಮಾತ್ರ ಖಾಲಿ ಇದೆ.