‘ಪರಿಶೀಲಿಸಲಾಗುವುದು’ ಎಂಬ ಮಾತಿನ ಬೆನ್ನು ಹತ್ತಿದವರು

ರಾಯರು ಬಂದು ಕುಳಿತ ಕೂಡಲೇ ವಕೀಲರು ಎಂದಿನಂತೆ ತಮ್ಮ ಏಣಿಯ ವಿಷಯವನ್ನು ಎತ್ತಿದರು. ಹೋದ ವರ್ಷ ರಾಯರು ಒಯ್ದ ಏಣಿ ಅದು. “ಗಮನದಲ್ಲಿದೆ ಸ್ವಾಮಿ, ನೋಡೋಣ” ಎಂದು ಅದನ್ನು ಅಲ್ಲಿಗೇ ಮುಗಿಸಿದ ರಾಯರು, ಮಧ್ಯಾಹ್ನವಿಡೀ ಲೋಕಸಭೆಯ ನೇರ ಪ್ರಸಾರ ನೋಡಿ ಕೂಡಿಟ್ಟುಕೊಂಡಿದ್ದ ಸಿಟ್ಟನ್ನು ನಮ್ಮ ಮುಂದೆ ಸುರಿಯತೊಡಗಿದರು.

“543 ಮಂದಿಯನ್ನು ಆರಿಸಿ ಕಳುಹಿಸಿದ್ದೇವೆ. ನಾನೇ ಎಣಿಸಿದೆ, ಐವತ್ತು ತಲೆಗಳೂ ಕಾಣಲಿಲ್ಲ!”

“ಸಭೆ ನಡೆಯಲು ಇರಲೇಬೇಕಾದ ಕನಿಷ್ಠ ಹಾಜರಿ, ಅಂದರೆ ಕೋರಂ, ಹತ್ತರಲ್ಲಿ ಒಂದು ಪಾಲು; 55 ಮಂದಿ ಬೇಕು. ತಾವು ಕಂಬದ ಮರೆಯಲ್ಲಿದ್ದ ಐದಾರು ಮಂದಿಯನ್ನು ಬಿಟ್ಟಿರಬೇಕು” ಎಂದು ವಕೀಲರು ತಿದ್ದಿದರು.

ಉಳಿದವರಲ್ಲಿ ಕೆಲವರಾದರೂ ಸಮಿತಿಯ ಕೊಠಡಿಯಲ್ಲಿ ಕಡತ ಓದುತ್ತಿದ್ದಿರಬಹುದು ಎಂದು ನಮ್ಮ ಮೇಷ್ಟ್ರು ಮೆಲ್ಲಗೆ ಹೇಳಿದ್ದೇ ತಪ್ಪಾಯಿತು. ‘ಸಮಿತಿ’ ಎಂಬ ಮಾತು ಕಿವಿಗೆ ಬಿದ್ದೊಡನೆ ರಾಯರು ಬೆಂಚಿನಿಂದ ಅರ್ಧ ಎದ್ದರು. ಯಾವುದಾದರೂ ವಿಷಯವನ್ನು ಗುಂಡಿ ತೋಡದೆಯೇ ಹೂಳಬೇಕಾದಾಗ ಅದರ ಮೇಲೊಂದು ಸಮಿತಿ ರಚಿಸುತ್ತಾರೆ ಎಂಬುದು ಅವರ ಬಹುಕಾಲದ ಸಿದ್ಧಾಂತ.

ಮೇಷ್ಟ್ರು ಮಾತ್ರ ಪಾಠಕ್ಕೆ ಸಿದ್ಧರಾಗಿಯೇ ಬಂದಿದ್ದರು. ಬಜೆಟ್ಟಿನ ದಿನ ಒಂದೊಂದು ಸಚಿವಾಲಯದ ಹೆಸರಿನಲ್ಲಿಯೂ ಸದನಕ್ಕೆ ಬರುವ ಅನುದಾನ ಬೇಡಿಕೆಗಳ, ಅಂದರೆ ಖರ್ಚಿಗೆ ಹಣ ಕೇಳುವ ಪಟ್ಟಿಗಳ, ಕಟ್ಟನ್ನು ಒಬ್ಬ ಸದಸ್ಯ ಒಂಟಿಯಾಗಿ ಓದಿ ಮುಗಿಸುವುದು ಅಸಾಧ್ಯವೆಂದೂ, ಆದ್ದರಿಂದಲೇ 1993ರಲ್ಲಿ ಇಲಾಖಾವಾರು ಸ್ಥಾಯಿ ಸಮಿತಿಗಳು ಹುಟ್ಟಿದವೆಂದೂ ಅವರು ವಿವರಿಸಿದರು. ಮೊದಲು 17 ಇದ್ದವು, 2004ರಲ್ಲಿ 24 ಆದವು. ಒಂದೊಂದರಲ್ಲಿ ಲೋಕಸಭೆಯ 21 ಮತ್ತು ರಾಜ್ಯಸಭೆಯ 10, ಒಟ್ಟು 31 ಸದಸ್ಯರು. ಬಜೆಟ್ ಮಂಡನೆಯಾದ ಮೇಲೆ ಸದನಕ್ಕೆ ಬಿಡುವು ಕೊಟ್ಟಾಗ ಈ ಸಮಿತಿಗಳು ಬಾಗಿಲು ಹಾಕಿಕೊಂಡು, ಕಾರ್ಯದರ್ಶಿಗಳನ್ನು ಎದುರಿಗೆ ಕೂರಿಸಿಕೊಂಡು, ಹೋದ ವರ್ಷ ಕೊಟ್ಟ ಹಣವೇ ಖರ್ಚಾಗದಿರುವಾಗ ಈ ವರ್ಷ ಹೆಚ್ಚು ಕೇಳುವುದೇಕೆ ಎಂಬಂಥ ಪ್ರಶ್ನೆಗಳನ್ನು ಹಾಕುತ್ತವೆ.

“ಓದದಿದ್ದರೆ ಏನಾಗುತ್ತದೆ?”

“ಗಿಲೋಟಿನ್” ಎಂದರು ವಕೀಲರು.

ರಾಯರ ಮುಖ ಅರಳಿತು. ಆದರೆ ಅಲ್ಲಿ ಕತ್ತರಿಸುವುದು ಯಾರ ತಲೆಯನ್ನೂ ಅಲ್ಲ, ಚರ್ಚೆಯನ್ನು. ಗೊತ್ತುಪಡಿಸಿದ ಕೊನೆಯ ದಿನ ಚರ್ಚೆಗೆ ಬಾರದೆ ಉಳಿದ ಬೇಡಿಕೆಗಳನ್ನೆಲ್ಲ ಒಟ್ಟಿಗೆ ಮತಕ್ಕೆ ಹಾಕಿಬಿಡುತ್ತಾರೆ ಎಂದು ತಿಳಿದಾಗ ಅವರಿಗೆ ಬಹಳ ನಿರಾಶೆಯಾಯಿತು. ಹಾಗೆ ಸದನದಲ್ಲಿ ಒಂದು ಮಾತೂ ಆಡಿಸಿಕೊಳ್ಳದೆ ದಾಟಿಹೋಗುವ ಹಣವನ್ನು ಯಾರಾದರೂ ಸಾಲುಸಾಲಾಗಿ ನೋಡಿದ್ದಾರೆಂದರೆ ಅದು ಸಮಿತಿಯಲ್ಲಿಯೇ ಎಂಬ ಮಾತಿಗೆ ಅವರಲ್ಲಿ ಉತ್ತರವಿರಲಿಲ್ಲ.

ನನಗೆ ಹಿಡಿಸಿದ್ದು ಬಾಗಿಲು ಹಾಕಿಕೊಳ್ಳುವ ಸಂಗತಿ. ಆ ಕೊಠಡಿಯಲ್ಲಿ ಕ್ಯಾಮೆರಾ ಇಲ್ಲ, ಪತ್ರಕರ್ತರಿಲ್ಲ, ಹೀಗೆಯೇ ಮತ ಹಾಕಿ ಎನ್ನುವ ಪಕ್ಷದ ಅಪ್ಪಣೆ, ಅಂದರೆ ವಿಪ್ ಕೂಡ ಅಲ್ಲಿ ನಡೆಯುವುದಿಲ್ಲ. ನೋಡುವವರೇ ಇಲ್ಲವೆಂದ ಮೇಲೆ ಮೇಜು ಕುಟ್ಟುವುದು ಯಾರಿಗಾಗಿ? ಸದನದಲ್ಲಿ ಹಾವು ಮುಂಗುಸಿಗಳಂತೆ ಕಾಣುವವರು ಇಲ್ಲಿ ಒಂದೇ ವರದಿಗೆ ಒಪ್ಪಿಗೆ ಕೊಟ್ಟು ಏಳುವುದುಂಟು. ಒಪ್ಪದವರು ಸಾಮಾನ್ಯವಾಗಿ ಭಿನ್ನಮತದ ಟಿಪ್ಪಣಿ ಬರೆದು ಲಗತ್ತಿಸುತ್ತಾರೆ. ಬರೆಯಬೇಕೆಂದರೆ ವರದಿಯನ್ನು ಓದಲೇಬೇಕಾಗುತ್ತದೆ ಎಂಬುದು ಅದರ ಉಪಲಾಭ.

ಎಲ್ಲಕ್ಕಿಂತ ಹಿರಿಯದು ಸಾರ್ವಜನಿಕ ಲೆಕ್ಕಪತ್ರ ಸಮಿತಿ. ಬ್ರಿಟನ್ನಿನಲ್ಲಿ ಅಂಥದ್ದು 1861ರಲ್ಲಿಯೇ ಆಗಿತ್ತು, ನಮ್ಮಲ್ಲಿ 1921ರಲ್ಲಿ. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಮಹಾಲೇಖಪಾಲರ ವರದಿಯನ್ನು ಹಿಡಿದುಕೊಂಡು ಖರ್ಚಾಗಿಹೋದ ಹಣದ ಜಾತಕ ನೋಡುವುದು ಇದರ ಕೆಲಸ. ಸಚಿವರಾದವರು ಇದರಲ್ಲಿ ಸದಸ್ಯರಾಗುವಂತಿಲ್ಲ. 1967ರಿಂದ ವಿರೋಧ ಪಕ್ಷದವರನ್ನೇ ಅಧ್ಯಕ್ಷರನ್ನಾಗಿ ಮಾಡುವ ಸಂಪ್ರದಾಯವೂ ಬೆಳೆದುಬಂದಿದೆ. “ಕಳ್ಳನ ಕೈಗೆ ಕೀಲಿ ಕೊಡಲಿಲ್ಲ ಅನ್ನಿ” ಎಂದು ರಾಯರು ಮೊದಲ ಬಾರಿಗೆ ತಲೆದೂಗಿದರು. ಮರುಕ್ಷಣವೇ, “ಇವರು ಹೇಳಿದ್ದನ್ನು ಸರ್ಕಾರ ಕೇಳಲೇಬೇಕೋ?” ಎಂದರು.

ಕೇಳಬೇಕಾಗಿಲ್ಲ ಎಂದು ಒಪ್ಪಿಕೊಳ್ಳುವಾಗ ಮೇಷ್ಟ್ರ ದನಿ ಇಳಿಯಿತು. ಶಿಫಾರಸು ಶಿಫಾರಸೇ ಹೊರತು ಆಜ್ಞೆಯಲ್ಲ. “ಹಲ್ಲು ಕಿತ್ತ ಹಾವು!” ಎಂದು ರಾಯರು ತೀರ್ಪು ಕೊಟ್ಟರು. ವಕೀಲರು ಅವರ ಪರವಾಗಿ ಇನ್ನೊಂದು ಸಾಕ್ಷ್ಯವನ್ನೂ ಒದಗಿಸಿದರು: 15ನೇ ಲೋಕಸಭೆಯ ಕಾಲದಲ್ಲಿ ಸುಮಾರು ಶೇ. 71ರಷ್ಟು ಮಸೂದೆಗಳು ಸಮಿತಿಗೆ ಹೋಗಿದ್ದವು, 17ನೆಯದರಲ್ಲಿ ಸುಮಾರು ಶೇ. 16ಕ್ಕೆ ಇಳಿದವು. ಹಾವಿಗೆ ಹಲ್ಲಿಲ್ಲವೆಂದಾದರೆ ಅದರ ದಾರಿಯನ್ನು ತಪ್ಪಿಸಿ ಓಡುವುದೇಕೆ ಎಂದು ನಾನು ಕೇಳಿದೆ. ಯಾರೂ ಉತ್ತರಿಸಲಿಲ್ಲ, ನನಗಂತೂ ನನ್ನ ಪ್ರಶ್ನೆ ಬಹಳ ಚೆನ್ನಾಗಿದೆ ಎನಿಸಿತು.

ಅಷ್ಟರಲ್ಲಿ ಮೇಷ್ಟ್ರು ಚೇತರಿಸಿಕೊಂಡು ಗೈರುಹಾಜರಿ ಸಮಿತಿಯ ವಿಷಯ ತೆಗೆದರು. ಸದನದ ಅನುಮತಿಯಿಲ್ಲದೆ 60 ದಿನ ಸಭೆಗಳಿಗೆ ಬಾರದ ಸದಸ್ಯನ ಸ್ಥಾನ ತೆರವಾಗಿದೆಯೆಂದು ಸದನ ಘೋಷಿಸಬಹುದೆಂದು ಸಂವಿಧಾನದ 101ನೇ ವಿಧಿ ಹೇಳುತ್ತದೆ. ಹಾಗಾಗಿ ರಜೆಯ ಅರ್ಜಿಗಳನ್ನು ಪರಿಶೀಲಿಸಲು ಲೋಕಸಭೆಯಲ್ಲಿ ಒಂದು ಸಮಿತಿಯೇ ಇದೆ. ಆ ಸಮಿತಿಯ ಸಭೆಗೇ ಗೈರಾದವರ ಗತಿಯೇನು ಎಂಬ ಪ್ರಶ್ನೆಯನ್ನು ರಾಯರು ಎತ್ತಿದರಾದರೂ ಮೇಷ್ಟ್ರು ಅದನ್ನು ಪಠ್ಯಕ್ರಮದ ಹೊರಗಿನದೆಂದು ತಳ್ಳಿಹಾಕಿದರು.

“ಅದೆಲ್ಲ ಇರಲಿ, ನನಗೆ ಪ್ರಿಯವಾದದ್ದು ಸರ್ಕಾರಿ ಭರವಸೆಗಳ ಸಮಿತಿ” ಎಂದು ವಕೀಲರು ಕನ್ನಡಕ ಸರಿಪಡಿಸಿಕೊಂಡರು. ಸಚಿವರು ಸದನದಲ್ಲಿ ಇಕ್ಕಟ್ಟಿಗೆ ಸಿಕ್ಕಾಗ ‘ವಿಷಯ ಪರಿಶೀಲನೆಯಲ್ಲಿದೆ’, ‘ಅದನ್ನು ನೋಡುತ್ತೇನೆ’, ‘ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ’ ಎಂದು ಹೇಳಿ ಕುಳಿತುಬಿಡುತ್ತಾರೆ. ನಾವೆಲ್ಲ ಅದನ್ನು ನಯವಾಗಿ ಜಾರಿಕೊಳ್ಳುವ ಮಾತು ಎಂದು ತಿಳಿಯುತ್ತೇವೆ. ಸಂಸತ್ತು ಹಾಗೆ ತಿಳಿಯುವುದಿಲ್ಲ. ಇಂಥ ಮಾತುಗಳ ಒಂದು ಪಟ್ಟಿಯನ್ನೇ ಮಾಡಿಟ್ಟುಕೊಂಡು, ಅವು ಬಾಯಿಂದ ಬಿದ್ದರೆ ಭರವಸೆಯೆಂದೇ ಬರೆದುಕೊಳ್ಳುತ್ತದೆ. ಆ ದಿನದಿಂದ 3 ತಿಂಗಳೊಳಗೆ ಅದನ್ನು ನೆರವೇರಿಸಬೇಕು. ಆಗದಿದ್ದರೆ ಕಾರಣ ಕೊಟ್ಟು ಕಾಲಾವಕಾಶ ಬೇಡಬೇಕು. ಲೋಕಸಭೆಯಲ್ಲಿ 1953ರಿಂದಲೂ ಈ ಸಮಿತಿ ಇಂಥ ‘ನೋಡೋಣ’ಗಳ ಬೆನ್ನು ಹತ್ತಿ ತಿರುಗುತ್ತಿದೆ.

“ಅಂದರೆ, ಸುಮ್ಮನೆ ಹೇಳಿದ ಮಾತಿಗೂ ಲೆಕ್ಕ ಕೇಳುತ್ತಾರೆಯೇ?” ರಾಯರಿಗೆ ಇದು ಅನ್ಯಾಯವೆಂದೇ ತೋರಿತು.

“ಸುಮ್ಮನೆ ಹೇಳಿದ್ದಕ್ಕೇ ಕೇಳುವುದು. ಈಗ ನೋಡಿ, ‘ಗಮನದಲ್ಲಿದೆ, ನೋಡೋಣ’ ಎಂದು ಒಬ್ಬರು ಈ ಬೆಂಚಿನ ಮೇಲೆ ಕುಳಿತೇ ಹೇಳಿದರು” ಎಂದು ವಕೀಲರು ನಮ್ಮಿಬ್ಬರ ಕಡೆ ತಿರುಗಿದರು. “ಸಂಸತ್ತಿನ ಸಮಿತಿಗಳಿಗೆ ಮೂರರಲ್ಲಿ ಒಂದು ಪಾಲು ಬಂದರೆ ಕೋರಂ. ನಾವು ಮೂವರಿದ್ದೇವೆ, ಕೊರತೆಯಿಲ್ಲ. ಏಣಿ ಎಲ್ಲಿದೆ?”

ರಾಯರು ಬಹಳ ಹೊತ್ತು ಆಕಾಶ ನೋಡಿದರು.

“ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ” ಎಂದರು.

ವಕೀಲರು ಜೇಬಿನಿಂದ ಪೆನ್ನು ತೆಗೆದು ಅಂದಿನ ತಾರೀಖನ್ನು ಬರೆದುಕೊಂಡರು.